ಹಿಟ್ಟಿನ ಕೋಳಿಯ ಕೂಗು: ಯಶೋಧರನ ಪಾತ್ರದ ಮನೋವೈಜ್ಞಾನಿಕ ವ್ಯಾಖ್ಯಾನ

ಭಯವನ್ನೇ ಮುಖ್ಯ ವಸ್ತುವಾಗಿ ಉಳ್ಳ ಕಥೆಗಳ ನಾಯಕರನ್ನು ಮನಶ್ಶಾಸ್ತ್ರದ ಬೆಳಕಿನಲ್ಲಿ ಪರಿಶೀಲಿಸುವ ಕ್ರಮವು ಯೂರೋಪಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಢಿಗೆ ಬಂದಿತು. ಜರ್ಮನ್ ಲೇಖಕನಾದ ಹಾಫ್‌ಮನ್ 1816ರಲ್ಲಿ ಪ್ರಕಟಿಸಿದ ‘ಮರಳುಮನುಷ್ಯ’ ಎಂಬ ಕಥೆಯು ಈ ಚರ್ಚೆಗೆ ಆಧಾರವಾಯಿತು. ಅದರ ನಾಯಕನಾದ ನಥಾನಿಯಲ್ ಯಂತ್ರದ ಬೊಂಬೆಯೊಂದನ್ನು ಜೀವಂತ ಕನ್ಯೆಯೆಂದು ಭ್ರಮಿಸಿ ಪ್ರೀತಿಸುತ್ತಾನೆ. ಬಾಲ್ಯದಲ್ಲಿ ಕಣ್ಣುಗಳನ್ನು ಕುರಿತು ಹುಟ್ಟಿದ ಭೀತಿಯಿಂದ ಕೊನೆಯವರೆಗೂ ಬಿಡುಗಡೆ ಪಡೆಯದೆ ಹುಚ್ಚನಾಗಿ ಸಾಯುತ್ತಾನೆ. ಯೆಂಚ್ ಎಂಬ ವಿದ್ವಾಂಸನು 1906ರಲ್ಲಿ, ಎದುರಿಗಿರುವ ವಸ್ತುವಿಗೆ ಜೀವವಿದೆಯೋ ಇಲ್ಲವೋ ಎಂಬ ಸಂಶಯವೇ ಇಂತಹ ಭಯದ ಮೂಲವೆಂದು ಹೇಳಿದನು. ಸಿಗ್ಮಂಡ್ ಫ್ರಾಯ್ಡನು 1919ರಲ್ಲಿ ಇದನ್ನು ಸಾಲದೆಂದು ಬಗೆದು, ಮನಸ್ಸು ಅದುಮಿ ಮರೆಸಿದ್ದುದು ಬೇರೊಂದು ವೇಷದಲ್ಲಿ ಹಿಂದಿರುಗಿ ಬರುವುದೇ ಭಯದ ಮೂಲವೆಂದು ವಾದಿಸಿದನು.

ಈ ಎರಡು ವಾದಗಳನ್ನೂ ಪರೀಕ್ಷಿಸಿ ನೋಡಲು ತಕ್ಕ ಪಾತ್ರವೊಂದು ಕನ್ನಡದಲ್ಲಿ ಉಂಟೇ? ಉಂಟೆಂಬುದು ನಮ್ಮ ಅಭಿಪ್ರಾಯ. ಆದರೆ ಅದು ಆಧುನಿಕ ಕಾದಂಬರಿಯ ಪಾತ್ರವಲ್ಲ. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ನಾಯಕನಾದ ಯಶೋಧರನು. ಗ್ರಂಥವು ಕಾವ್ಯವಾದರೂ ಅದರ ಆರಂಭವು ಯಾವ ಭಯಾನಕ ಕಾದಂಬರಿಗೂ ಕಡಮೆಯಾದುದಲ್ಲ. ರಾಜಪುರದ ಚಂಡಮಾರಿಯ ಗುಡಿ, ಬಲಿಗಾಗಿ ಕಟ್ಟಿರುವ ಪ್ರಾಣಿಗಳ ಮೊರೆ, ಕತ್ತಿ ಹಿಡಿದು ನಿಂತಿರುವ ಮಾರಿದತ್ತ, ಅವನ ಮುಂದೆ ನರಬಲಿಗೆಂದು ತಂದು ನಿಲ್ಲಿಸಿದ ಅಭಯರುಚಿ ಮತ್ತು ಅಭಯಮತಿಯೆಂಬ ಎಳೆಯ ಒಡಹುಟ್ಟಿದವರು. ಕೊಲ್ಲಲಿರುವವನಿಗೆ ಕೊಲೆಗೆ ಸಿದ್ಧರಾದವರೇ ತಮ್ಮ ಹಿಂದಿನ ಜನ್ಮಗಳ ಕಥೆಯನ್ನು ಹೇಳುತ್ತಾರೆ. ಆ ಕಥೆಯೇ ಯಶೋಧರನ ಕಥೆ.

ಕಥಾಸಾರವನ್ನು ಇಲ್ಲಿ ಸಂಕ್ಷೇಪವಾಗಿ ಸ್ಮರಿಸುವುದು ಅವಶ್ಯಕ. ಉಜ್ಜಯಿನಿಯ ಅರಸನಾದ ಯಶೋಧರನ ರಾಣಿ ಅಮೃತಮತಿಯು ರಾತ್ರಿಯಲ್ಲಿ ಕೇಳಿಬಂದ ಇಂಪಾದ ಹಾಡಿಗೆ ಮನಸೋತು, ಹಾಡಿದವನು ವಿಕಾರರೂಪದ ಮಾವಟಿಗನೆಂದು ತಿಳಿದ ಮೇಲೂ ಅವನನ್ನು ಕೂಡುತ್ತಾಳೆ. ಅವಳನ್ನು ಹಿಂಬಾಲಿಸಿದ ಅರಸನು, ತಡವಾಗಿ ಬಂದಳೆಂದು ಮಾವಟಿಗನು ಅವಳನ್ನು ಹೊಡೆಯುವುದನ್ನೂ ಅವಳು ಸಹಿಸಿ ಬೇಡುವುದನ್ನೂ ಮರೆಯಲ್ಲಿ ನಿಂತು ಕಾಣುತ್ತಾನೆ. ಕತ್ತಿಯನ್ನೆತ್ತಿ, ತಡೆದು, ಹಿಂದಿರುಗುತ್ತಾನೆ. ತಾಯಿ ಚಂದ್ರಮತಿಯು ಮಗನ ದುಗುಡಕ್ಕೆ ಕಾರಣ ಕೇಳಲು, ಕಂಡುದನ್ನು ಕೆಟ್ಟ ಕನಸೆಂದು ಮರೆಮಾಚಿ ಹೇಳುತ್ತಾನೆ. ಅವಳು ಶಾಂತಿಗಾಗಿ ಪ್ರಾಣಿಬಲಿಯನ್ನು ಸೂಚಿಸುತ್ತಾಳೆ, ಅವನು ಒಪ್ಪುವುದಿಲ್ಲ. ಕೊನೆಗೆ ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಕತ್ತಿ ತಾಗಿದೊಡನೆ ಕೋಳಿಯು ಕೂಗುತ್ತದೆ. ಬೆಂತರವೊಂದು ಅದರೊಳಗೆ ಸೇರಿತ್ತು. ಮುಂದೆ ಅಮೃತಮತಿಯು ತಾಯಿಮಕ್ಕಳಿಬ್ಬರಿಗೂ ವಿಷವಿಕ್ಕುತ್ತಾಳೆ. ಅವರು ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ.

ಈ ಕಾವ್ಯದ ಮನೋವೈಜ್ಞಾನಿಕ ಚರ್ಚೆಯೆಲ್ಲವೂ ಬಹುಮಟ್ಟಿಗೆ ಅಮೃತಮತಿಯ ಸುತ್ತಲೇ ನಡೆದಿದೆ. ಸುಂದರನಾದ ಅರಸನನ್ನು ಬಿಟ್ಟು ಅವಳು ಕುರೂಪಿಯನ್ನೇಕೆ ಬಯಸಿದಳು? ಕವಿಯೇ ಇದಕ್ಕೆ ಕಾಮದ ಮಾಯೆಯನ್ನೂ ವಿಧಿಯ ವಿಲಾಸವನ್ನೂ ಕಾರಣವಾಗಿ ಸೂಚಿಸಿದ್ದಾನೆ. ಆಧುನಿಕರು ಅವಳಲ್ಲಿ ಅತೃಪ್ತಿಯನ್ನೋ, ಪೆಟ್ಟು ತಿಂದು ಸುಖಪಡುವ ವಿಕೃತಿಯನ್ನೋ, ಅಂತಃಪುರದ ಬಂಧನದ ವಿರುದ್ಧ ದಂಗೆಯನ್ನೋ ಕಾಣಬಹುದು. ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ದಲ್ಲಿ ಕಥೆಯನ್ನು ರಾಜ, ರಾಣಿ, ರಾಜಮಾತೆ, ಮಾವುತ ಎಂಬ ನಾಲ್ವರಿಗೆ ಇಳಿಸಿ ರಾಣಿಯ ಅಂತರಂಗಕ್ಕೆ ಮಾತು ಕೊಟ್ಟರು. ಈ ಪ್ರಯತ್ನಗಳ ಬೆಲೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ರಾಣಿಯ ರೋಗವನ್ನು ಹುಡುಕುವ ಆತುರದಲ್ಲಿ, ಕಾವ್ಯದ ಭಯಕ್ಕೆ ಕೇಂದ್ರನಾದ ಅರಸನ ಮನಸ್ಸು ನಮ್ಮ ಕಣ್ಣಿನಿಂದ ಮರೆಯಾಗಿದೆ. ಕೋಳಿ ಕೂಗಿದುದು ರಾಣಿಯ ಏಟಿಗಲ್ಲ, ಅರಸನ ಏಟಿಗೆ.

ಅರಸನ ನಡತೆಯನ್ನು ಕ್ರಮವಾಗಿ ನೋಡೋಣ. ಮೊದಲನೆಯದಾಗಿ, ಕತ್ತಿಯನ್ನು ಎತ್ತಿದನು, ಇಳಿಸಿದನು. ಇದು ಸಂಯಮವೆಂದು ತೋರುತ್ತದೆ. ಆದರೆ ಅವನ ಕೋಪವು ಕರಗಿತೆಂದು ಹೇಳಲು ಕಾವ್ಯದಲ್ಲಿ ಆಧಾರವಿಲ್ಲ. ಎರಡನೆಯದಾಗಿ, ಮರುದಿನ ವಿನೋದದ ನೆಪದಲ್ಲಿ ರಾಣಿಯನ್ನು ನೆಯ್ದಿಲ ಹೂವಿನಿಂದ ಹೊಡೆದನು. ರಾತ್ರಿ ಮಾವಟಿಗನ ಪೆಟ್ಟನ್ನು ತಾಳಿದವಳು ಹೂವಿನ ಪೆಟ್ಟಿಗೆ ಮೂರ್ಛೆಹೋದವಳಂತೆ ಬಿದ್ದಳು. ಹೊಡೆಯುವ ಇಚ್ಛೆಯು ಕತ್ತಿಯಿಂದ ಹೂವಿಗೆ ಇಳಿದಿದೆ, ಇಲ್ಲವಾಗಿಲ್ಲ. ಮೂರನೆಯದಾಗಿ, ಕಣ್ಣಾರೆ ಕಂಡುದನ್ನು ಕನಸೆಂದು ಹೇಳಿದನು. ಫ್ರಾಯ್ಡನ ಮತದಲ್ಲಿ ಕನಸು ಮನಸ್ಸಿನ ಸತ್ಯಕ್ಕೆ ತಾನಾಗಿ ಒದಗಿದ ಮರೆ. ಇಲ್ಲಿ ನಾಯಕನೇ ಎಚ್ಚರದಲ್ಲಿ ಆ ಮರೆಯನ್ನು ನೇಯುತ್ತಾನೆ. ನಾಲ್ಕನೆಯದಾಗಿ, ಕೋಳಿಯನ್ನು ಹೊಡೆದನು. ಕೋಪವು ತನ್ನ ನಿಜವಾದ ಗುರಿಯನ್ನು ಮುಟ್ಟಲಾರದೆ ಅಪಾಯವಿಲ್ಲದ ಬೇರೊಂದು ಗುರಿಯ ಮೇಲೆ ಬೀಳುವುದನ್ನು ಮನಶ್ಶಾಸ್ತ್ರವು ಸ್ಥಾನಾಂತರವೆನ್ನುತ್ತದೆ. ರಾತ್ರಿ ಇಳಿಸಿದ ಕತ್ತಿಯೇ ಗುಡಿಯಲ್ಲಿ ಬಿದ್ದಿತೆಂದು ನಾವು ಭಾವಿಸುತ್ತೇವೆ. ಅಹಿಂಸೆಯನ್ನು ಕುರಿತು ತಾಯಿಯೊಡನೆ ವಾದಿಸಿದವನಿಗೆ, ಜೀವವಿಲ್ಲದ ಬೊಂಬೆಯು ಇದಕ್ಕಿಂತ ಅನುಕೂಲವಾದ ಗುರಿಯಾಗಿ ಬೇರೆ ದೊರೆಯುತ್ತಿರಲಿಲ್ಲ.

ಇನ್ನು ಕೂಗಿನ ವಿಚಾರ. ಜೀವವಿಲ್ಲವೆಂದು ತಿಳಿದುದು ಕೂಗಿತೆಂಬಲ್ಲಿ ಯೆಂಚನ ಮಾತು ಅಕ್ಷರಶಃ ಅನ್ವಯಿಸುತ್ತದೆ. ಆದರೆ ಅಷ್ಟಕ್ಕೇ ನಿಂತರೆ ಕೂಗು ಬರಿಯ ಚಮತ್ಕಾರವಾಗುತ್ತದೆ. ಫ್ರಾಯ್ಡನನ್ನು ಅನುಸರಿಸಿದರೆ, ಅರಸನು ತನ್ನಿಂದಲೂ ಬಚ್ಚಿಟ್ಟಿದ್ದ ಕೊಲೆಯ ಇಚ್ಛೆಯೇ ಕೋಳಿಯ ದನಿಯಾಗಿ ಅವನಿಗೆ ಉತ್ತರಕೊಟ್ಟಿತೆನ್ನಬೇಕು. ಈ ವ್ಯಾಖ್ಯಾನವು ಹೆಚ್ಚು ಆಳವಾದುದು. ಆದರೂ ಒಂದೆಡೆಯಲ್ಲಿ ಅದು ಜನ್ನನಿಂದ ಬೇರೆಯಾಗುತ್ತದೆ. ಬಯಸಿದುದೇ ನಡೆದಂತೆ ಎಂಬ ಭಾವನೆಯನ್ನು ಫ್ರಾಯ್ಡನು 1913ರ ‘ಟೋಟೆಮ್ ಮತ್ತು ಟ್ಯಾಬೂ’ ಎಂಬ ಗ್ರಂಥದಲ್ಲಿ ಆದಿಮಾನವನ ಮತ್ತು ಮನೋರೋಗಿಯ ಲಕ್ಷಣವೆಂದು ಎಣಿಸಿದನು. ರೋಗಿಯು ಗುಣಹೊಂದಬೇಕಾದರೆ ಇಚ್ಛೆಯೇ ಬೇರೆ, ಕೃತ್ಯವೇ ಬೇರೆ ಎಂದು ಅರಿಯಬೇಕು. ಜೈನದರ್ಶನದ ನಿಲುವು ಇದಕ್ಕೆ ಎದುರಾದುದು. ಅಲ್ಲಿ ಪ್ರಾಣವನ್ನು ಕಳೆಯುವ ದ್ರವ್ಯಹಿಂಸೆಯಂತೆಯೇ ಮನಸ್ಸಿನ ಭಾವಹಿಂಸೆಯೂ ಹಿಂಸೆ. ರಾಗದ್ವೇಷಗಳು ಹುಟ್ಟದಿರುವುದೇ ಅಹಿಂಸೆಯೆಂದು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ನಿರೂಪಿಸಿದ್ದಾರೆ. ಕೋಳಿ ಹಿಟ್ಟಿನದಾಗಿರಬಹುದು, ಹೊಡೆಯುವ ಸಂಕಲ್ಪವು ಹಿಟ್ಟಿನದಲ್ಲ. ಒಬ್ಬನು ಸಂಕಲ್ಪಕ್ಕೆ ಅಂಜುವವನನ್ನು ರೋಗಿಯೆಂದು ಸಮಾಧಾನಪಡಿಸುತ್ತಾನೆ; ಇನ್ನೊಬ್ಬನು ಅವನನ್ನು ಹೊಣೆಗಾರನೆಂದು ಎಚ್ಚರಿಸುತ್ತಾನೆ.

ಈ ಹೊಣೆಯನ್ನು ಜನ್ನನು ಎಷ್ಟು ಕಠಿನವಾಗಿ ಕಂಡಿದ್ದಾನೆಂಬುದಕ್ಕೆ ಕಥೆಯ ಮುಂದಿನ ಭಾಗವೇ ಪ್ರಮಾಣ. ತಾಯಿಮಕ್ಕಳು ಕಡೆಯ ಪ್ರಾಣಿಜನ್ಮದಲ್ಲಿ ಕೋಳಿಗಳಾಗಿಯೇ ಹುಟ್ಟುತ್ತಾರೆ. ಯಶೋಧರನ ಮಗನಾದ ಯಶೋಮತಿಯು ತನ್ನ ಶಬ್ದವೇಧಿವಿದ್ಯೆಯನ್ನು ರಾಣಿಗೆ ತೋರಿಸಲೆಂದು, ಕೋಳಿಗಳ ಕೂಗನ್ನೇ ಗುರಿಯಾಗಿಟ್ಟು ಬಾಣಬಿಟ್ಟು ಅವನ್ನು ಕೊಲ್ಲುತ್ತಾನೆ. ಕೂಗಿನಿಂದ ತೊಡಗಿದ ಪಾಪವು ಕೂಗಿನಿಂದಲೇ ಮುಗಿಯುತ್ತದೆ. ಬಳಿಕ ಆ ಜೀವಗಳು ಆ ರಾಣಿಯ ಬಸಿರಿನಲ್ಲಿ ಅಭಯರುಚಿ, ಅಭಯಮತಿಯರಾಗಿ ಹುಟ್ಟುತ್ತವೆ. ಇಂತಹ ಸಂಬಂಧವನ್ನು ಕಲ್ಪಿಸಿದ ಕವಿಗೆ ಮನಸ್ಸಿನ ನಡೆಯ ತಿಳಿವು ಇರಲಿಲ್ಲವೆನ್ನಲಾಗದು. ಆದರೆ ನಾಯಕನ ಬಾಲ್ಯವನ್ನು ಕುರಿತು ಅವನು ಏನನ್ನೂ ಹೇಳಿಲ್ಲ. ಆದುದರಿಂದ ನಥಾನಿಯಲನಿಗೆ ಮಾಡಿದಂತೆ ಯಶೋಧರನಿಗೂ ಬಾಲ್ಯದ ಆಘಾತವನ್ನು ಊಹಿಸಿ ಹೇರುವುದು ಸರಿಯಲ್ಲ.

ಈ ವಿಚಾರವು ಬರಿಯ ಗ್ರಂಥಸ್ಥವಾದುದಲ್ಲ. ಇಂದಿನ ಕೊಪ್ಪಳವು ಪ್ರಾಚೀನಕಾಲದಲ್ಲಿ ಕೊಪಣವೆಂಬ ಹೆಸರಿನಿಂದ ಜೈನರ ಮಹಾತೀರ್ಥವಾಗಿದ್ದಿತು. ಅದೇ ಜಿಲ್ಲೆಯ ಕಾರಟಗಿ, ಗಂಗಾವತಿಗಳ ಸೀಮೆಯಲ್ಲಿ ದ್ಯಾಮವ್ವ, ದುರ್ಗವ್ವರಂತಹ ಗ್ರಾಮದೇವತೆಗಳ ಆರಾಧನೆಯೂ ಬೇರೂರಿದೆ. ಕೊಪಣದ ಉಪದೇಶವೂ ದೇವಿಯ ಜಾತ್ರೆಯೂ ಒಂದೇ ನೆಲದಲ್ಲಿ ಬಾಳಿದ ಇಂತಹ ನಾಡಿನಲ್ಲಿ, ಚಂದ್ರಮತಿಗೂ ಮಗನಿಗೂ ನಡೆದ ವಾದವು ಓದುಗನಿಗೆ ದೂರದ್ದೆನಿಸುವುದಿಲ್ಲ. ನಮ್ಮ ರಾಜ್ಯದಲ್ಲಿ 1959ರ ಶಾಸನವು ದೇವಾಲಯಗಳಲ್ಲಿ ಪ್ರಾಣಿಬಲಿಯನ್ನು ನಿಷೇಧಿಸಿದೆ. ಕುಂಕುಮ ಹಚ್ಚಿದ ಕುಂಬಳಕಾಯಿಯನ್ನು ಒಡೆಯುವ ವಾಡಿಕೆ ಎಲ್ಲೆಡೆ ಉಂಟು. ಪ್ರಾಣಿಯ ಜೀವ ಉಳಿಯುವುದರಿಂದ ಈ ಬದಲಿಯು ನಿಶ್ಚಯವಾಗಿಯೂ ಮೇಲು. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕುಂಬಳಕಾಯಿ ಒಡೆಯುವವನೆಲ್ಲ ಕೋಪವನ್ನು ಹೊತ್ತವನೂ ಅಲ್ಲ. ಆದರೆ ಕೋಪವನ್ನು ಹೊತ್ತು ಬಂದವನಿಗೆ, ವಸ್ತುವನ್ನು ಬದಲಾಯಿಸಿದ ಮಾತ್ರಕ್ಕೆ ಮನಸ್ಸು ಬದಲಾಗುವುದಿಲ್ಲವೆಂಬುದನ್ನು ಜನ್ನನ ಕಾವ್ಯವು ತಿಳಿಸುತ್ತದೆ.

ಒಟ್ಟಿನಲ್ಲಿ, ಮನಶ್ಶಾಸ್ತ್ರವು ಯಶೋಧರನ ಕೋಪವು ಹಿಡಿದ ದಾರಿಯನ್ನು ನಮಗೆ ಸ್ಪಷ್ಟವಾಗಿ ತೋರಿಸುತ್ತದೆ. ಆ ಕೋಪಕ್ಕೆ ಉತ್ತರ ಹೇಳಬೇಕಾದವರು ಯಾರೆಂಬುದನ್ನು ಕಾವ್ಯವೇ ತೋರಿಸಬೇಕು. ಕಥೆಯನ್ನು ಕೇಳಿ ಮುಗಿಸಿದ ಮಾರಿದತ್ತನು ಬಲಿಗೆ ಬೇರೊಂದು ಬದಲಿಯನ್ನು ಹುಡುಕಲಿಲ್ಲ, ಬಲಿಯನ್ನೇ ಬಿಟ್ಟನು. ಯಶೋಧರನು ಮಾಡಲಾರದೆ ಹೋದುದು ಇದೊಂದನ್ನೇ.