ತೀವ್ರ ಅಸ್ವಸ್ಥರ ಚರ್ಮರಕ್ಷಣೆ: ಒದ್ದೆಯ ಗಾಯವೂ ಒತ್ತಡದ ಹುಣ್ಣೂ

ತೀವ್ರ ಅಸ್ವಸ್ಥತೆಯಲ್ಲಿ ವೈದ್ಯರ ಲಕ್ಷ್ಯವೆಲ್ಲ ಹೃದಯ, ಶ್ವಾಸಕೋಶ, ಮೂತ್ರಪಿಂಡ, ಮಿದುಳುಗಳ ಮೇಲೆ ನೆಟ್ಟಿರುವುದು ಸಹಜವೇ ಸರಿ. ಆದರೆ ಚರ್ಮವೂ ದೇಹದ ಒಂದು ಅಂಗವೆಂಬುದೂ, ಇತರ ಅಂಗಗಳಂತೆ ಅದೂ ಸೋಲಬಲ್ಲುದೆಂಬುದೂ ಹಲವು ಬಾರಿ ಮರೆತುಹೋಗುತ್ತದೆ. 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಸ್ಥಾಪನೆಯಾದಂದಿನಿಂದ ಮಣಿಪಾಲವು ಈ ಕರಾವಳಿಯ ರೋಗಿಗಳಿಗೆ ದೊಡ್ಡ ಆಸರೆಯಾಗಿ ಬೆಳೆದಿದೆ. ಉಡುಪಿಯ ಸುತ್ತಣ ಹಳ್ಳಿಗಳಿಂದಲೂ, ಕಡಲಂಚಿನ ಕಾಪುವಿನಿಂದಲೂ, ಘಟ್ಟದ ತಪ್ಪಲಿನ ಕಾರ್ಕಳದಿಂದಲೂ ಅಸ್ವಸ್ಥರು ಇಲ್ಲಿಗೆ ಬರುತ್ತಾರೆ. ಅವರಲ್ಲಿ ಪ್ರಜ್ಞೆಯಿಲ್ಲದೆ, ಮಲಮೂತ್ರಗಳ ಹತೋಟಿ ತಪ್ಪಿ ಮಲಗಿರುವವರ ಬೆನ್ನಿನ ಕೆಳಭಾಗದಲ್ಲಿ ಎರಡು ಬಗೆಯ ಗಾಯಗಳು ಕಾಣಿಸಿಕೊಳ್ಳಬಹುದು. ರೂಢಿಯಲ್ಲಿ ಎರಡಕ್ಕೂ ‘ಬೆನ್ನುಹುಣ್ಣು’ ಎಂಬ ಒಂದೇ ಹೆಸರು. ಹೆಸರು ಒಂದಾದರೂ ಕಾರಣ ಒಂದಲ್ಲ. ಕಾರಣವನ್ನು ಅರಿಯದೆ ಮಾಡಿದ ಉಪಚಾರ ಫಲಿಸುವುದೂ ಇಲ್ಲ. ಇವೆರಡನ್ನು ಬೇರ್ಪಡಿಸಿ ಗುರುತಿಸುವ ಬಗೆಯನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲನೆಯದು ಒದ್ದೆಯಿಂದಾಗುವ ಗಾಯ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿರುತ್ತದೆ. ಸೂಕ್ಷ್ಮಜೀವಿಗಳನ್ನು ಹದ್ದಿನಲ್ಲಿಡುವ ಕಾವಲು ಅದೇ. ಮೂತ್ರವು ಚರ್ಮದ ಮೇಲೆ ನಿಂತರೆ ಅದರಲ್ಲಿನ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾವನ್ನಾಗಿ ಮಾರ್ಪಡಿಸುತ್ತವೆ. ಆಗ ಚರ್ಮ ಕ್ಷಾರೀಯವಾಗುತ್ತದೆ. ಈ ಕ್ಷಾರದಲ್ಲಿ, ಪ್ರೋಟೀನನ್ನೂ ಕೊಬ್ಬನ್ನೂ ಜೀರ್ಣಿಸುವ ಮಲದೊಳಗಿನ ಕಿಣ್ವಗಳು ಚುರುಕಾಗಿ, ಕರುಳಿನಲ್ಲಿ ಆಹಾರಕ್ಕೆ ಮಾಡುತ್ತಿದ್ದುದನ್ನೇ ಹೊರಗೆ ಚರ್ಮಕ್ಕೆ ಮಾಡತೊಡಗುತ್ತವೆ. ತೀವ್ರ ನಿಗಾ ಘಟಕದ ಬಹುಮಂದಿ ರೋಗಿಗಳಿಗೆ ಮೂತ್ರನಳಿಕೆಯನ್ನು ಅಳವಡಿಸಿರುವುದರಿಂದ ಅಲ್ಲಿ ಮುಖ್ಯ ಅಪಾಯ ಭೇದಿಯದು. ಪ್ರತಿಜೀವಕಗಳು, ಸೋಂಕು, ನಳಿಕೆಯ ಮೂಲಕ ಕೊಡುವ ಆಹಾರ ಮೊದಲಾದವು ಭೇದಿಗೆ ಕಾರಣವಾಗಬಹುದು. ಮಲವು ನೀರಾಗಿ ಬೇಗನೆ ಹೊರಬಂದಷ್ಟೂ ಅದರಲ್ಲಿ ಚುರುಕಾದ ಕಿಣ್ವಗಳು ಹೆಚ್ಚು.

ಎರಡನೆಯದು ಒತ್ತಡದ ಹುಣ್ಣು. ಮಲಗಿದವನ ದೇಹಭಾರವು ಬೆನ್ನಿನ ಬುಡದ ತ್ರಿಕಾಸ್ಥಿ, ಸೊಂಟದ ಬದಿ, ಹಿಮ್ಮಡಿ ಮೊದಲಾದ ಮೂಳೆಯುಬ್ಬುಗಳ ಮೇಲೆ ಬೀಳುತ್ತದೆ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಮಾಂಸದಲ್ಲಿ ಸೂಕ್ಷ್ಮ ರಕ್ತನಾಳಗಳು ಅದುಮಿಹೋಗುತ್ತವೆ. ಸ್ವಸ್ಥನಾದವನು ನಿದ್ರೆಯಲ್ಲಿಯೂ ಮಗ್ಗುಲು ಬದಲಿಸುತ್ತಾನೆ. ನಿದ್ರಾಜನಕ ಔಷಧಿಗಳ ಪ್ರಭಾವದಲ್ಲಿ ಉಸಿರಾಟದ ಯಂತ್ರವನ್ನು ಅವಲಂಬಿಸಿದವನಿಗೆ ಅದು ಸಾಧ್ಯವಿಲ್ಲ. ರಕ್ತದೊತ್ತಡವನ್ನು ಏರಿಸಲು ಕೊಡುವ ಔಷಧಿಗಳು ಚರ್ಮದ ರಕ್ತಸಂಚಾರವನ್ನು ಮತ್ತಷ್ಟು ಕುಗ್ಗಿಸಬಹುದು. ತಲೆದೆಸೆಯನ್ನು ಎತ್ತರಿಸಿದಾಗ ಚರ್ಮವು ಹೊದಿಕೆಗೆ ಅಂಟಿ ನಿಂತು, ಒಳಗಿನ ಮೂಳೆ ಮಾತ್ರ ಕೆಳಕ್ಕೆ ಜಾರುತ್ತದೆ; ಈ ಎಳೆತದಿಂದಲೂ ನಾಳಗಳು ಮುರುಟುತ್ತವೆ. ಒತ್ತಡಕ್ಕೆ ಚರ್ಮಕ್ಕಿಂತ ಸ್ನಾಯು ಬೇಗ ಸೋಲುವುದರಿಂದ, ಹೊರಗೆ ಬಣ್ಣ ಮಾತ್ರ ಬದಲಾಗಿರುವಾಗಲೇ ಒಳಗೆ ಆಳವಾದ ನಾಶ ನಡೆದಿರಬಹುದು.

ಹೀಗೆ ಒಂದು ಹೊರಗಿನಿಂದ ಒಳಕ್ಕೆ ಸಾಗುವಂಥದು. ಇನ್ನೊಂದು ಬಹುಶಃ ಒಳಗಿನಿಂದ ಹೊರಕ್ಕೆ ಬರುವಂಥದು. ಆದರೂ ಇವು ಬಹುಕಾಲ ಒಂದೇ ಲೆಕ್ಕಕ್ಕೆ ಸೇರಿದ್ದುದಕ್ಕೆ ಕಾರಣವಿಲ್ಲದಿಲ್ಲ. ಇಂಗ್ಲೆಂಡಿನ ಡೊರೀನ್ ನಾರ್ಟನ್ 1962ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಅಪಾಯಸೂಚಿಯ ಐದು ಅಂಶಗಳಲ್ಲಿ ಮಲಮೂತ್ರಗಳ ಹತೋಟಿ ತಪ್ಪುವುದೂ ಒಂದು. 1987ರಲ್ಲಿ ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಪ್ರಕಟಿಸಿದ ಆರು ಅಂಶಗಳ ಸೂಚಿಯಲ್ಲಿ ತೇವಕ್ಕೂ ಸ್ಥಾನವಿದೆ. ತೇವವು ಒತ್ತಡದ ಹುಣ್ಣಿಗೆ ದಾರಿಮಾಡಿಕೊಡುತ್ತದೆಂಬುದು ಇವೆರಡರ ಅಭಿಪ್ರಾಯ. ಅದು ದಿಟವೂ ಹೌದು. ನೆನೆದ ಚರ್ಮ ಮೆತ್ತಗಾಗಿ, ಹೊದಿಕೆಗೆ ಹೆಚ್ಚು ಅಂಟಿ, ಸಣ್ಣ ಎಳೆತಕ್ಕೂ ಕಿತ್ತುಬರುತ್ತದೆ. ಆದರೆ ತೇವವು ತಾನೇ ಒಂದು ಪ್ರತ್ಯೇಕ ಗಾಯವನ್ನುಂಟುಮಾಡುತ್ತದೆಂಬುದು ಇಷ್ಟರಿಂದ ಸ್ಪಷ್ಟವಾಗದು. ಬೆಲ್ಜಿಯಂ ದೇಶದ ಘೆಂಟ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ರೂಪುಗೊಂಡ ವರ್ಗೀಕರಣವು ಈ ಗಾಯವನ್ನೇ ಪ್ರತ್ಯೇಕವಾಗಿ ತೆಗೆದುಕೊಂಡು, ಕೆಂಪು ಮಾತ್ರ ಇರುವುದು, ಚರ್ಮ ಸುಲಿದಿರುವುದು ಎಂದು ಎರಡಾಗಿಯೂ, ಪ್ರತಿಯೊಂದನ್ನು ಸೋಂಕಿನ ಲಕ್ಷಣ ಇಲ್ಲದ್ದು, ಇರುವುದು ಎಂದು ಮತ್ತೆ ಎರಡಾಗಿಯೂ ವಿಂಗಡಿಸಿತು.

ಹಾಸಿಗೆಯ ಬಳಿ ನಿಂತವರಿಗೆ ಭೇದ ತಿಳಿಯುವುದೆಂತು? ಒದ್ದೆಯ ಗಾಯವು ಅಂಚು ಅಸ್ಪಷ್ಟವಾಗಿ, ಪೃಷ್ಠದ ಸೀಳು, ತೊಡೆಸಂದು, ಒಳತೊಡೆಗಳಲ್ಲಿ ಹರಡಿ, ಮೇಲುಮೇಲೆಯೇ ಇರುತ್ತದೆ. ಒತ್ತಡದ ಹುಣ್ಣು ಮೂಳೆಯುಬ್ಬಿನ ಮೇಲೆ, ಸ್ಪಷ್ಟವಾದ ಅಂಚಿನಿಂದ ಕೂಡಿರುತ್ತದೆ. ಅಲ್ಲಿ ಕಪ್ಪಾದ ಸತ್ತ ಮಾಂಸ ಕಂಡರೆ ಅದು ಬರಿಯ ಒದ್ದೆಯ ಫಲವೆಂದು ತಿಳಿಯಲಾಗದು. ಮಲಮೂತ್ರಗಳ ಸೋಂಕೇ ಇಲ್ಲದ ಚರ್ಮದಲ್ಲಿ ಒದ್ದೆಯ ಗಾಯವೂ ಇಲ್ಲ. ಇಲ್ಲೊಂದು ಎಚ್ಚರಿಕೆ ಅಗತ್ಯ. ಪಾಶ್ಚಾತ್ಯ ಗ್ರಂಥಗಳು ಹೇಳುವ ‘ಕೆಂಪು’ ಬಿಳಿಯ ಚರ್ಮದ ಕೆಂಪು. ನಮ್ಮ ಜನರ ಕಂದು ಚರ್ಮದಲ್ಲಿ ಅದು ನೇರಿಳೆಯಾಗಿಯೋ ಸುತ್ತಲಿಗಿಂತ ತುಸು ಕಪ್ಪಾಗಿಯೋ ತೋರಬಹುದು, ತೋರದೆಯೂ ಇರಬಹುದು. ಆದುದರಿಂದ ಕಣ್ಣನ್ನು ಮಾತ್ರ ನಂಬದೆ, ಆ ಭಾಗದ ಬಿಸಿ, ತಂಪು, ಗಡಸು, ಮೆದುತನಗಳನ್ನು ಕೈಯಿಂದ ಮುಟ್ಟಿ ಪಕ್ಕದ ಚರ್ಮದೊಡನೆ ಹೋಲಿಸಬೇಕು.

ಭೇದವನ್ನು ತಿಳಿದ ಮೇಲೆ ಉಪಚಾರದ ಮಾರ್ಗ ಸುಗಮ. ಒದ್ದೆಯ ಗಾಯಕ್ಕೆ ಭೇದಿಯ ಮೂಲವನ್ನು ಹುಡುಕಿ ತಡೆಯಬೇಕು. ಮಲ ತಗಲಿದೊಡನೆ ಕ್ಷಾರವಿಲ್ಲದ ಮೃದು ದ್ರವದಿಂದ ಒರೆಸಿ, ಉಜ್ಜದೆ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಅಥವಾ ಪೆಟ್ರೋಲಿಯಂ ಜೆಲ್ಲಿಯಂಥ ತಡೆಲೇಪವನ್ನು ಹಚ್ಚಬೇಕು. ಒತ್ತಡದ ಹುಣ್ಣಿಗೆ ಭಾರವನ್ನು ಇಳಿಸುವುದೇ ಮುಖ್ಯ: ರೋಗಿಯ ಸ್ಥಿತಿಗೆ ತಕ್ಕ ಅವಧಿಯಲ್ಲಿ ಮಗ್ಗುಲು ಬದಲಿಸುವುದು, ಹಿಮ್ಮಡಿಯನ್ನು ಹಾಸಿಗೆಯಿಂದ ಎತ್ತಿಡುವುದು, ಎಳೆಯದೆ ಎತ್ತಿ ಸರಿಸುವುದು, ಒತ್ತಡವನ್ನು ಹಂಚುವ ಹಾಸಿಗೆ, ತಕ್ಕ ಪೋಷಣೆ. ಒದ್ದೆಯ ಗಾಯದವನನ್ನು ಎಷ್ಟು ಹೊರಳಿಸಿದರೂ ಮಲ ನಿಂತಿರುವವರೆಗೆ ಗಾಯ ಮಾಯದು. ಒತ್ತಡದ ಹುಣ್ಣಿಗೆ ಎಷ್ಟು ಲೇಪ ಹಚ್ಚಿದರೂ ಭಾರ ಇಳಿಯುವವರೆಗೆ ಅದು ಆಳವಾಗುತ್ತಲೇ ಹೋಗುತ್ತದೆ. ಎರಡೂ ಕೂಡಿದ್ದರೆ ಎರಡು ಉಪಚಾರಗಳೂ ಬೇಕು.

ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೂ ಈ ಅಪಾಯ ಮುಗಿಯುವುದಿಲ್ಲ. ಕಾಪುವಿನ ಇಲ್ಲವೆ ಕಾರ್ಕಳದ ಮನೆಯಲ್ಲಿ ಮುಂದಿನ ಶುಶ್ರೂಷೆಯ ಹೊರೆ ಬೀಳುವುದು ಹೆಂಡತಿ, ಮಗಳು, ಸೊಸೆಯರ ಮೇಲೆ. ಮಳೆಗಾಲದಲ್ಲಿ ಬಟ್ಟೆ ಒಣಗದ ಈ ನಾಡಿನಲ್ಲಿ ಹಾಸಿಗೆಯನ್ನು ಉಳಿಸಲು ಹಾಸುವ ರಬ್ಬರು ಹಾಳೆಯು ತೇವವನ್ನೂ ಸೆಕೆಯನ್ನೂ ಚರ್ಮದಡಿಯಲ್ಲೇ ಹಿಡಿದಿಡುತ್ತದೆ. ಬಾರ್ ಸಾಬೂನಿನಿಂದ ತಿಕ್ಕಿ ತೊಳೆಯುವುದು, ಬಣ್ಣಗೆಟ್ಟ ಮೂಳೆಯುಬ್ಬಿಗೆ ಎಣ್ಣೆ ಹಚ್ಚಿ ಬಲವಾಗಿ ನೀವುವುದು, ಉಂಗುರದಂತಹ ದಿಂಬನ್ನು ಇಡುವುದು ಇವೆಲ್ಲ ಅಕ್ಕರೆಯಿಂದ ಮಾಡುವವಾದರೂ ಹಾನಿಕರ.

ಆದಕಾರಣ ರೋಗಿಯನ್ನು ಮನೆಗೆ ಕಳುಹಿಸುವಾಗ ಕೊಡುವ ಪತ್ರದಲ್ಲಿ ‘ಬೆನ್ನುಹುಣ್ಣು ಇದೆ’ ಎಂದಷ್ಟೇ ಬರೆದರೆ ಸಾಲದೆಂದು ನಮಗೆ ತೋರುತ್ತದೆ. ಗಾಯ ಯಾವ ಬಗೆಯದು, ಎಲ್ಲಿದೆ, ಎಷ್ಟು ಆಳ, ಮನೆಯವರು ಮಾಡಬೇಕಾದುದೇನು, ಮಾಡಬಾರದುದೇನು ಎಂಬುದನ್ನು ತಿಳಿಗನ್ನಡದಲ್ಲಿ ಬರೆದು, ಶುಶ್ರೂಷೆ ಮಾಡುವವರ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಿ ಕಳುಹಿಸುವುದು ಉಚಿತ. ಇದಕ್ಕೆ ಹೊಸ ಯಂತ್ರವಾಗಲಿ ಬೆಲೆಬಾಳುವ ಔಷಧಿಯಾಗಲಿ ಬೇಕಿಲ್ಲ; ಬೇಕಾದುದು ಅರ್ಧ ಗಂಟೆಯ ಸಮಯ ಹಾಗೂ ಗಮನವಿಟ್ಟು ನೋಡುವ ಕಣ್ಣು.