ಹಾಲಿನ ಬಟ್ಟಲಿಗಿಂತ ಬೇಲಿಯ ಕಂಡಿ ಮೇಲು

ದಯೆ ದೊಡ್ಡ ಗುಣವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ದಯೆಯನ್ನು ಪಡೆಯುವ ಜೀವದ ಸ್ವಭಾವವನ್ನು ಅರಿಯದೆ ತೋರಿದ ದಯೆ, ಕೊಡುವವರಿಗೆ ತೃಪ್ತಿಯನ್ನು ತಂದೀತೇ ಹೊರತು ಪಡೆಯುವವರಿಗೆ ಒಳಿತನ್ನು ತರಲಾರದು. ಇಂಗ್ಲೆಂಡಿನ ಹಿತ್ತಿಲುಗಳಲ್ಲಿ ರಾತ್ರಿವೇಳೆ ಸಂಚರಿಸುವ ಹೆಡ್ಜ್‌ಹಾಗ್ ಎಂಬ ಪುಟ್ಟ ಕಾಡುಪ್ರಾಣಿಯ ಕಥೆ ಈ ಮಾತಿಗೆ ಉತ್ತಮ ನಿದರ್ಶನ. ನಮ್ಮ ಕರಾವಳಿಯ ಕುಟುಂಬಗಳೂ ಇಂದು ಆ ನಾಡಿನಲ್ಲಿ ನೆಲೆಸಿರುವುದರಿಂದ, ಅವರ ಅಂಗಳಕ್ಕೂ ಬರಬಹುದಾದ ಈ ಅತಿಥಿಯ ಬಗ್ಗೆ ತಿಳಿದುಕೊಳ್ಳುವುದು ಅಪ್ರಸ್ತುತವಾಗಲಾರದು.

ಮೈಮೇಲೆ ಮುಳ್ಳುಗಳಿರುವ ಕಾರಣ ನಾವು ಇದನ್ನು ನಮ್ಮ ಕಾಡಿನ ಮುಳ್ಳುಹಂದಿಯೆಂದೇ ಭಾವಿಸುವುದುಂಟು. ವಾಸ್ತವದಲ್ಲಿ ಎರಡೂ ಬೇರೆ. ಮುಳ್ಳುಹಂದಿ ಇಲಿ, ಅಳಿಲುಗಳಂತೆ ಕಡಿದು ತಿನ್ನುವ ದಂಶಕ ವರ್ಗಕ್ಕೆ ಸೇರಿದ್ದು. ಹತ್ತು ಕಿಲೋಗೂ ಮೀರಿ ತೂಗುತ್ತದೆ. ಹೆಡ್ಜ್‌ಹಾಗ್ ಆದರೋ ಒಂದು ಕಿಲೋದ ಆಸುಪಾಸಿನದು. ಚೂಪುಮೂತಿಯ ಸುಂಡಿಲಿಯ ದೂರದ ಬಂಧು. ಅದರ ಬೆನ್ನಿನ ಮೇಲೆ ಐದರಿಂದ ಏಳು ಸಾವಿರ ಗಿಡ್ಡ ಮುಳ್ಳುಗಳಿರುತ್ತವೆ. ಅಪಾಯ ಕಂಡಾಗ ಅದು ಓಡುವುದಕ್ಕಿಂತ ಹೆಚ್ಚಾಗಿ ಚೆಂಡಿನಂತೆ ಸುರುಳಿಕೊಂಡು ಮುಳ್ಳುಗಳನ್ನು ಹೊರಗೆ ಚಾಚುತ್ತದೆ. ಜೀರುಂಡೆ, ಕಂಬಳಿಹುಳು, ಎರೆಹುಳು, ಚಿಪ್ಪಿಲ್ಲದ ಬಸವನಹುಳು ಇದರ ಆಹಾರ. ಹೆಸರಿನ ಅರ್ಥವೂ ಸರಳವೇ: ಗಿಡಬೇಲಿಯ ಬುಡದಲ್ಲಿ ಹಂದಿಯಂತೆ ಗುರುಗುಟ್ಟುತ್ತಾ ಮೇಯುವ ಪ್ರಾಣಿ.

ಇಂದು ಆ ದೇಶದ ಜನರ ಪ್ರೀತಿಗೆ ಪಾತ್ರವಾಗಿರುವ ಈ ಜೀವಿ ಒಂದು ಕಾಲದಲ್ಲಿ ಅವರ ದ್ವೇಷಕ್ಕೆ ಗುರಿಯಾಗಿತ್ತು. ರಾತ್ರಿ ಮಲಗಿದ ಹಸುಗಳ ಕೆಚ್ಚಲಿನಿಂದ ಇದು ಹಾಲು ಕುಡಿಯುತ್ತದೆಂಬ ನಂಬಿಕೆ ರೈತರಲ್ಲಿ ಬೇರೂರಿತ್ತು. 1566ರಲ್ಲಿ, ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ, ಬೆಳೆಗಳ ರಕ್ಷಣೆಗಾಗಿ ಮಾಡಿದ ಕಾಯಿದೆಯೊಂದು ಪೀಡಕ ಪ್ರಾಣಿಗಳ ತಲೆಗೆ ಬೆಲೆ ಕಟ್ಟಿತು. ಹೆಡ್ಜ್‌ಹಾಗಿನ ತಲೆಗೆ ಎರಡು ಪೆನ್ಸ್. ಈ ಹಣವನ್ನು ಪಾವತಿ ಮಾಡುವ ಹೊಣೆ ಆಯಾ ಊರಿನ ಚರ್ಚಿನ ವಾರ್ಡನ್‌ಗಳದಾಗಿತ್ತು. ದೇವಾಲಯದ ಖರ್ಚುವೆಚ್ಚ ಬರೆಯುವ ಲೆಕ್ಕಪುಸ್ತಕದಲ್ಲಿಯೇ ಈ ನಿರಪರಾಧಿ ಪ್ರಾಣಿಯ ತಲೆಗೆ ಕೊಟ್ಟ ಕಾಸೂ ದಾಖಲಾಯಿತು. ಸುಳ್ಳು ನಂಬಿಕೆಯೊಂದಕ್ಕೆ ಕಾನೂನಿನ ಮುದ್ರೆ ಬಿದ್ದರೆ ಏನಾಗುತ್ತದೆಂಬುದನ್ನು ಆ ಪುಟಗಳು ಇಂದಿಗೂ ಸಾರುತ್ತವೆ.

ಕಾಲ ಬದಲಾಯಿತು, ದ್ವೇಷ ಪ್ರೀತಿಯಾಯಿತು. ಆದರೆ ಹಾಲಿನ ನಂಟು ಮಾತ್ರ ಬಿಡಲಿಲ್ಲ! ಹಾಲು ಕದಿಯುತ್ತದೆಂದು ಕೊಂದವರ ಮಕ್ಕಳ ಮಕ್ಕಳು, ಹಾಲೆಂದರೆ ಅದಕ್ಕೆ ಇಷ್ಟವೆಂದು ಬಗೆದು ಬ್ರೆಡ್ಡಿನ ಚೂರುಗಳನ್ನು ಹಾಲಿನಲ್ಲಿ ನೆನೆಸಿ ಹಿತ್ತಿಲ ಬಾಗಿಲಲ್ಲಿ ಇಡತೊಡಗಿದರು. ಪ್ರಾಣಿ ಬಂದು ಆಸೆಯಿಂದ ಕುಡಿಯುವುದೂ ನಿಜ. ಆದರೆ ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಅದರ ಕರುಳಿಗಿಲ್ಲ. ಭೇದಿ ಹತ್ತಿ, ಮೈಯ ನೀರು ಬತ್ತಿ, ಪ್ರಾಣಕ್ಕೇ ಸಂಚಕಾರ ಬರುತ್ತದೆ. ದ್ವೇಷ ಮಾಡಿದವರೂ ಪ್ರೀತಿ ಮಾಡಿದವರೂ ಒಂದೇ ಅಜ್ಞಾನವನ್ನು ಹಂಚಿಕೊಂಡಿದ್ದರು. ಇಬ್ಬರೂ ತಮ್ಮ ಕಲ್ಪನೆಯ ಪ್ರಾಣಿಯನ್ನು ಕಂಡರೇ ವಿನಾ ಎದುರಿಗಿದ್ದ ಪ್ರಾಣಿಯನ್ನು ಕಾಣಲಿಲ್ಲ.

ಹಾಗಾದರೆ ಏನು ಕೊಡಬೇಕು? ಬಲ್ಲವರು ಹೇಳುವುದಿಷ್ಟು: ಅಗಲವಾದ, ಆಳವಿಲ್ಲದ ತಟ್ಟೆಯಲ್ಲಿ ಶುದ್ಧವಾದ ನೀರು; ಅದರ ಜೊತೆಗೆ ಬೆಕ್ಕು ನಾಯಿಗಳಿಗೆಂದು ಮಾರುವ ಮಾಂಸದ ಆಹಾರ ಸ್ವಲ್ಪ. ಅಂಗಡಿಯಲ್ಲಿ ಸಿಗುವ ಮೀಲ್‌ವರ್ಮ್ ಎಂಬ ಒಣಹುಳುಗಳನ್ನು ಅದು ಬಹಳ ಇಷ್ಟಪಡುತ್ತದೆ. ಆದರೆ ಅವುಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಅವನ್ನೇ ತಿಂದು ಬೆಳೆದರೆ ಎಲುಬುಗಳು ದುರ್ಬಲವಾಗುತ್ತವೆ. ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರು ಹೇಳಿದ್ದು ಇಲ್ಲಿಯೂ ಸಲ್ಲುತ್ತದೆ. ಬೆಕ್ಕುಗಳು ನುಗ್ಗದಂತೆ ಚಿಕ್ಕ ಬಾಯಿಯ ಪೆಟ್ಟಿಗೆಯೊಳಗೆ ಆಹಾರವಿಟ್ಟು, ಪಾತ್ರೆಗಳನ್ನು ದಿನವೂ ತೊಳೆಯಬೇಕು. ಒಂದೇ ತಟ್ಟೆಗೆ ಹಲವು ಪ್ರಾಣಿಗಳು ಬಾಯಿ ಹಾಕಿದರೆ ರೋಗ ಹರಡುವುದು ಸುಲಭ.

ಇಷ್ಟನ್ನು ಮಾಡಿ ದೂರ ಸರಿದು ನಿಂತವರಿಗೆ ಸಿಗುವ ನೋಟ ಸಾಮಾನ್ಯವಾದುದಲ್ಲ. ಕತ್ತಲಾದ ಮೇಲೆ ಮೊದಲು ಕೇಳುವುದು ಸದ್ದು: ಒಣ ಎಲೆಗಳ ಸರಸರ, ಮೂಗಿನ ಸೊರಸೊರ. ಗಂಡು ಹೆಣ್ಣಿನ ಸುತ್ತ ಗಂಟೆಗಟ್ಟಲೆ ಸುತ್ತುವುದೂ, ಅದು ಬುಸುಗುಟ್ಟಿ ದೂರವಿಡುವುದೂ ಉಂಟು. ಅಪರಿಚಿತ ವಾಸನೆಯ ವಸ್ತುವನ್ನು ಕಂಡರೆ ಅದನ್ನು ಕಚ್ಚಿ ಜಗಿದು, ಬಾಯಲ್ಲಿ ನೊರೆಬರಿಸಿ, ಆ ನೊರೆಯನ್ನು ತನ್ನ ಬೆನ್ನಿನ ಮುಳ್ಳುಗಳಿಗೆ ಬಳಿದುಕೊಳ್ಳುತ್ತದೆ. ಇದರ ಕಾರಣದ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಚಳಿಗಾಲದಲ್ಲಿ, ಸರಿಸುಮಾರು ನವೆಂಬರಿನಿಂದ ಮಾರ್ಚಿಯವರೆಗೆ, ಎಲೆಗಳ ಗೂಡಿನಲ್ಲಿ ಒಂಟಿಯಾಗಿ ದೀರ್ಘನಿದ್ರೆಗೆ ಜಾರುತ್ತದೆ. ಆಗ ಅದರ ಮೈ ತಣ್ಣಗಾಗಿ, ಎದೆಬಡಿತ ನಿಮಿಷಕ್ಕೆ ಇಪ್ಪತ್ತರಷ್ಟಕ್ಕೆ ಇಳಿಯುತ್ತದೆ. ಶರತ್ಕಾಲದ ಮರಿಗಳು ಅಷ್ಟರೊಳಗೆ ಅರ್ಧ ಕಿಲೋದಷ್ಟಾದರೂ ತೂಗದಿದ್ದರೆ ಆ ನಿದ್ರೆಯಿಂದ ಏಳುವುದು ಕಷ್ಟ.

ಆದರೆ ತಟ್ಟೆಯ ಊಟವೊಂದೇ ಈ ಪ್ರಾಣಿಯನ್ನು ಉಳಿಸಲಾರದು. 2020ರಲ್ಲಿ ಬ್ರಿಟನ್ನಿನ ಸಸ್ತನಿಗಳ ಕೆಂಪುಪಟ್ಟಿ ಇದನ್ನು ಅಳಿವಿನ ಅಪಾಯಕ್ಕೆ ಸಿಲುಕಿದ ಪ್ರಾಣಿಗಳ ಸಾಲಿಗೆ ಸೇರಿಸಿತು. 2022ರ ವರದಿಯೊಂದರ ಪ್ರಕಾರ 2000ದಿಂದೀಚೆಗೆ ಅಲ್ಲಿಯ ಹಳ್ಳಿಗಾಡಿನಲ್ಲಿ ಇದರ ಸಂಖ್ಯೆ ಪ್ರದೇಶಕ್ಕನುಗುಣವಾಗಿ ಶೇಕಡಾ 30ರಿಂದ 75ರಷ್ಟು ಕುಸಿದಿದೆ. ಪಟ್ಟಣಗಳಲ್ಲಿ ಮಾತ್ರ ಚೇತರಿಕೆಯ ಲಕ್ಷಣಗಳಿವೆ. ಗಿಡಬೇಲಿಗಳು ಮಾಯವಾದವು, ಹುಳುಗಳು ಕಡಿಮೆಯಾದವು, ರಸ್ತೆಗಳಲ್ಲಿ ವಾಹನಗಳು ಹೆಚ್ಚಿದವು. ಪಟ್ಟಣದ ಹಿತ್ತಿಲುಗಳು ಆಶ್ರಯವಾದವೆಂದರೆ, ಅಲ್ಲಿ ಮರದ ಹಲಗೆಗಳ ಬೇಲಿ ನೆಲಕ್ಕೆ ತಾಗಿ ನಿಂತಿದೆ. ಒಂದೇ ರಾತ್ರಿಯಲ್ಲಿ ಒಂದೆರಡು ಕಿಲೋಮೀಟರು ಅಲೆಯುವ ಪ್ರಾಣಿಗೆ ಒಂದು ಹಿತ್ತಿಲು ಎಷ್ಟರದು?

ಇದನ್ನು ಮನಗಂಡು ಅಲ್ಲಿಯ ಎರಡು ಸಂಸ್ಥೆಗಳು 2011ರಲ್ಲಿ ಹೆಡ್ಜ್‌ಹಾಗ್ ಸ್ಟ್ರೀಟ್ ಎಂಬ ಆಂದೋಲನವನ್ನು ಆರಂಭಿಸಿದವು. ಬೇಡಿಕೆ ಬಹಳ ಚಿಕ್ಕದು: ಬೇಲಿಯ ಬುಡದಲ್ಲಿ ಉದ್ದಗಲ 13 ಸೆಂಟಿಮೀಟರಿನ ಒಂದು ಕಂಡಿ ಕೊರೆಯಿರಿ. ಅವುಗಳಲ್ಲಿ ಒಂದಾದ ಬ್ರಿಟಿಷ್ ಹೆಡ್ಜ್‌ಹಾಗ್ ಸಂರಕ್ಷಣಾ ಸಂಘವು 1982ರಲ್ಲಿ ಹುಟ್ಟಿದ್ದೂ ಇಂಥದೇ ಕಾಳಜಿಯಿಂದ. ದನಗಳನ್ನು ತಡೆಯಲು ರಸ್ತೆಗೆ ಅಡ್ಡಲಾಗಿ ಸರಳು ಹಾಸಿದ ಗುಂಡಿಗಳಲ್ಲಿ ಬಿದ್ದು ಮೇಲೇರಲಾಗದೆ ಸಾಯುತ್ತಿದ್ದ ಈ ಪ್ರಾಣಿಗಳಿಗೆ, ಏರಿಬರಲು ಒಂದು ಇಳಿಜಾರು ಹಲಗೆ ಸಾಕೆಂದು ಮೇಜರ್ ಏಡ್ರಿಯನ್ ಕೋಲ್ಸ್ ಮನಗಂಡರು.

ಕಂಡಿಗೂ ಬಟ್ಟಲಿಗೂ ಇರುವ ವ್ಯತ್ಯಾಸವನ್ನು ನಾವು ಗಮನಿಸಬೇಕು. ಬಟ್ಟಲನ್ನು ನಾವೊಬ್ಬರೇ ಇಡಬಹುದು; ಅದು ಪ್ರಾಣಿಯನ್ನು ನಮ್ಮ ಬಾಗಿಲಿಗೆ ಕರೆತರುತ್ತದೆ. ಕಂಡಿ ಕೊರೆಯಬೇಕಾದರೆ ನೆರೆಮನೆಯವರ ಒಪ್ಪಿಗೆ ಬೇಕು. ವರ್ಷಗಟ್ಟಲೆ ಮಾತಿಲ್ಲದ ಎರಡು ಮನೆಗಳ ನಡುವೆಯೂ ಬೇಲಿಯಾಚೆ ಒಂದು ಮಾತು ಹುಟ್ಟಬೇಕು. ಕೊರೆದ ಮೇಲೆ ಪ್ರಾಣಿ ನಮ್ಮಲ್ಲಿಗೆ ಬರಲೂಬಹುದು, ನಮ್ಮನ್ನು ದಾಟಿ ಹೋಗಲೂಬಹುದು. ಅದರ ಸ್ವಾತಂತ್ರ್ಯವನ್ನು ಒಪ್ಪಿಕೊಂಡ ದಯೆ ಇದು.

ಒಳ್ಳೆಯ ಉದ್ದೇಶಕ್ಕೆ ಸ್ಥಳದ ಅರಿವೂ ಬೇಕು. 1974ರಲ್ಲಿ ಸ್ಕಾಟ್ಲೆಂಡಿನ ಸೌತ್ ಯುಯಿಸ್ಟ್ ದ್ವೀಪಕ್ಕೆ, ತೋಟದ ಹುಳುಗಳ ಕಾಟ ತಪ್ಪಲೆಂದು ಕೆಲವು ಹೆಡ್ಜ್‌ಹಾಗ್‌ಗಳನ್ನು ಒಯ್ದು ಬಿಟ್ಟರು. ಅವು ಬೆಳೆದು ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳನ್ನು ತಿನ್ನತೊಡಗಿದವು. 2003ರಲ್ಲಿ ಅವನ್ನು ಕೊಲ್ಲುವ ಕಾರ್ಯ ಆರಂಭವಾಗಿ, ಜನರ ವಿರೋಧದ ನಡುವೆ 2007ರಲ್ಲಿ ನಿಂತಿತು. ಅನಂತರ ಅವನ್ನು ಹಿಡಿದು ಮುಖ್ಯಭೂಮಿಗೆ ಸಾಗಿಸಲಾಯಿತು. ತಪ್ಪು ಪ್ರಾಣಿಯದಲ್ಲ, ತಂದವರದು.

ಆ ನಾಡಿನಲ್ಲಿರುವ ಮಕ್ಕಳೊಡನೆ, ಬಂಧುಗಳೊಡನೆ ಮಾತನಾಡುವಾಗ ವಾಚಕರು ಈ ಸಂಗತಿಗಳನ್ನು ತಿಳಿಸಬಹುದು. ಅಂಗಳದ ಮೂಲೆಯಲ್ಲಿ ಒಣ ಎಲೆಗಳ ರಾಶಿ ಉಳಿಯಲಿ. ನವೆಂಬರ್ 5ರ ಬೆಂಕಿಹಬ್ಬಕ್ಕೆ ಕೂಡಿಟ್ಟ ಸೌದೆಯನ್ನು ಹೊತ್ತಿಸುವ ಮುನ್ನ ಒಳಗೆ ಯಾರಾದರೂ ಮಲಗಿದ್ದಾರೆಯೇ ಎಂದು ನೋಡಲಿ. ಹಗಲಲ್ಲಿ ಬಯಲಿಗೆ ಬಂದು ತೂರಾಡುವ ಪ್ರಾಣಿ ಬಹುಶಃ ಸಂಕಟದಲ್ಲಿರುತ್ತದೆ. ಅದಕ್ಕೆ ಆರೈಕೆ ಕೇಂದ್ರದ ನೆರವು ಬೇಕು. ಆರೋಗ್ಯವಾಗಿರುವುದಕ್ಕೆ ಒಂದು ತಟ್ಟೆ ನೀರು, ಬೇಲಿಯಲ್ಲಿ ಒಂದು ಕಂಡಿ, ಆಚೆಮನೆಯವರೊಡನೆ ಒಂದು ಒಳ್ಳೆಯ ಮಾತು ಇದ್ದರೆ ಸಾಕು.