ಸದ್ದು ಬರುವ ದಿಕ್ಕು

ಕೃಷ್ಣರಾಜನಗರದ ಸಮೀಪ, ಚುಂಚನಕಟ್ಟೆಯಲ್ಲಿ ಕಾವೇರಿ ನದಿಯು ಬಂಡೆಗಳ ನಡುವೆ ಧುಮುಕುತ್ತದೆ. ಮಳೆಗಾಲದಲ್ಲಿ ಅದರ ಭೋರ್ಗರೆತ ಬಹುದೂರ ಕೇಳಿಸುವುದು. ದಡದಲ್ಲಿ ಕೋದಂಡರಾಮ ದೇವಾಲಯವಿದೆ. ಹೊರಗಿನ ಆವರಣದಲ್ಲಿ ನಿಂತವರ ಕಿವಿಗೆ ಜಲಪಾತದ ಸದ್ದು ಬೀಳುತ್ತದೆ; ಗರ್ಭಗುಡಿಯೊಳಗೆ ಮಾತ್ರ ಅದು ಕೇಳಿಸದೆಂದು ಸ್ಥಳದ ಜನ ಹೇಳುತ್ತಾರೆ. ಇದಕ್ಕೆ ಐತಿಹ್ಯವೂ ಉಂಟು. ಐತಿಹ್ಯ ಹಾಗಿರಲಿ; ದಪ್ಪ ಕಲ್ಲಿನ ಗೋಡೆಯೂ ಕಿರಿದಾದ ಬಾಗಿಲೂ ಸದ್ದನ್ನು ತಡೆಯಬಲ್ಲವೆಂಬುದನ್ನು ವಿಜ್ಞಾನವೂ ಒಪ್ಪುತ್ತದೆ. ನೀರು ಅದೇ, ಕಿವಿ ಅದೇ; ನಡುವೆ ಇರುವುದು ಬೇರೆ.

ಈ ಮಾತು ವಾಸದ ಮನೆಗೂ ಸಲ್ಲುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕಿನ ಹರಾಜು ಮುಗಿದು ಕೈಗೆ ನಾಲ್ಕು ಕಾಸು ಬಂದಾಗ, ಕೆಲವು ಮನೆಗಳಿಗೆ ‘ಹೋಮ್ ಥಿಯೇಟರ್’ ಎಂಬ ಪೆಟ್ಟಿಗೆಗಳ ಕಟ್ಟು ಬರುವುದುಂಟು. ಅದರಲ್ಲಿ ಐದು ಸಣ್ಣ ಸ್ಪೀಕರ್‌ಗಳು, ಒಂದು ದೊಡ್ಡ ಸ್ಪೀಕರ್, ಇವೆಲ್ಲಕ್ಕೂ ಶಕ್ತಿಯೂಡುವ ಆಂಪ್ಲಿಫೈಯರ್ ಇರುತ್ತವೆ. ಮನೆಯವರು ಆರನ್ನೂ ಟಿ.ವಿ.ಯ ಅಕ್ಕಪಕ್ಕದ ಗೂಡುಗಳಲ್ಲಿ ಸಾಲಾಗಿ ಜೋಡಿಸಿಬಿಡುತ್ತಾರೆ. ಹಾಡು ಮೊಳಗುತ್ತದೆ, ಹೊಡೆದಾಟದ ಸದ್ದಿಗೆ ಪಾತ್ರೆಗಳು ಅದುರುತ್ತವೆ. ಆದರೆ ಮಾತು ಮಾತ್ರ ತಿಳಿಯುವುದಿಲ್ಲ. “ಅವನು ಏನಂದ?” ಎಂದು ಅಜ್ಜಿ ಮತ್ತೆ ಮತ್ತೆ ಕೇಳುತ್ತಾರೆ. ಕೆಲವು ದಿನಗಳಲ್ಲಿ ಕೇಳುವುದನ್ನೂ ಬಿಟ್ಟು ಒಳಗೆ ಎದ್ದು ಹೋಗುತ್ತಾರೆ. ಒಂದು ಬೆಳೆಯ ದುಡ್ಡು ದಂಡವಾಯಿತೆಂದು ಯಂತ್ರವನ್ನು ದೂರುವುದು ಆಗ ಸಹಜ. ಆದರೆ ಬಹುಪಾಲು ಸಂದರ್ಭಗಳಲ್ಲಿ ತಪ್ಪು ಯಂತ್ರದ್ದಲ್ಲ, ಇಟ್ಟ ಜಾಗದ್ದು.

ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದಾಗ, ಕೇಳುಗರಿಗೆ ಒಂದು ರೇಡಿಯೋ, ಅದರೊಳಗೆ ಒಂದು ಸ್ಪೀಕರ್ ಸಾಕಾಗಿತ್ತು. ವಾರ್ತೆಗೂ ಸಂಗೀತಕ್ಕೂ ದಿಕ್ಕಿನ ಹಂಗಿರಲಿಲ್ಲ. ಚಲನಚಿತ್ರದ ಪಾಡು ಬೇರೆ. ತೆರೆಯ ಮೇಲೆ ನಟನು ಬಲಕ್ಕೆ ನಡೆದರೂ ಅವನ ದನಿ ನಿಂತಲ್ಲೇ ನಿಂತಿರುತ್ತಿತ್ತು. ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಎಂಬ ಎಂಜಿನಿಯರ್ 1931ರಲ್ಲಿ ಎರಡು ಸ್ಪೀಕರ್‌ಗಳಿಂದ ಧ್ವನಿಗೆ ದಿಕ್ಕು ಕೊಡುವ ಬಗೆಯನ್ನು ರೂಪಿಸಿದನು. 1992ರಿಂದೀಚೆಗೆ ಚಿತ್ರಮಂದಿರಗಳಿಗೆ ಬಂದ ಡಾಲ್ಬಿ ಡಿಜಿಟಲ್ ವಿಧಾನದಲ್ಲಿ ಈ ದಾರಿಗಳು ಆರಾದವು. ಮುಂದೆ ಎಡ, ನಡು, ಬಲ. ಹಿಂದೆ ಎಡ, ಬಲ. ಆರನೆಯದು ಕೇವಲ ಮಂದ್ರ ಸ್ವರಗಳಿಗೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ‘5.1’ ಎಂಬ ಅಂಕೆಯ ಅರ್ಥ ಇಷ್ಟೇ.

ಕಿವಿಯು ದಿಕ್ಕನ್ನು ಅರಿಯುವ ಬಗೆ ಸೋಜಿಗದ್ದು. ಎರಡು ಕಿವಿಗಳ ನಡುವಣ ಅಂತರ ಸುಮಾರು 20 ಸೆಂಟಿಮೀಟರ್. ಬಲಗಡೆಯ ಸದ್ದು ಬಲಗಿವಿಯನ್ನು ಮೊದಲು ಮುಟ್ಟಿ, ಸೆಕೆಂಡಿನ ಸುಮಾರು 1,600ನೆಯ ಒಂದು ಭಾಗದಷ್ಟು ತಡವಾಗಿ ಎಡಗಿವಿಯನ್ನು ಮುಟ್ಟುತ್ತದೆ. ಅಷ್ಟು ಅಲ್ಪ ಅಂತರವನ್ನು ಮಿದುಳು ಗುರುತಿಸಿ, ಸದ್ದು ಬಲದಿಂದ ಬಂತೆಂದು ತೀರ್ಮಾನಿಸುತ್ತದೆ. ಆರು ಸ್ಪೀಕರ್‌ಗಳನ್ನು ಒಂದೇ ಗೂಡಿನಲ್ಲಿ ತುರುಕಿದರೆ ಈ ತೀರ್ಮಾನಕ್ಕೆ ಆಧಾರವೇ ಉಳಿಯುವುದಿಲ್ಲ.

ಆದ್ದರಿಂದ ಮೊದಲು ಗೊತ್ತುಮಾಡಬೇಕಾದುದು ಸ್ಪೀಕರ್‌ನ ಸ್ಥಳವಲ್ಲ, ಕೇಳುವವರು ಕುಳಿತುಕೊಳ್ಳುವ ಸ್ಥಳ. ಅಲ್ಲಿಂದ ಒಂದು ದಾರವನ್ನು ಮುಂದಿನ ಎಡ ಸ್ಪೀಕರಿಗೆ ಎಳೆದು, ಅದೇ ದಾರದಿಂದ ಬಲ ಸ್ಪೀಕರಿನ ದೂರವನ್ನೂ, ಅವೆರಡರ ನಡುವಣ ದೂರವನ್ನೂ ಅಳೆಯಬೇಕು. ಮೂರೂ ಸಮನಾದರೆ ರೇಖಾಗಣಿತದ ಸಮಬಾಹು ತ್ರಿಭುಜ ಒದಗುತ್ತದೆ. ನಡುವಿನ ಸ್ಪೀಕರ್ ಟಿ.ವಿ.ಯ ಕೆಳಗೋ ಮೇಲೋ ಇದ್ದು, ಅದರ ಮುಖ ಕೇಳುವವರ ಕಿವಿಯತ್ತ ತಿರುಗಿರಬೇಕು. ಚಿತ್ರದ ಮಾತಿನ ಹೆಚ್ಚು ಪಾಲು ಬರುವುದು ಇದೊಂದರಿಂದಲೇ. ಅದರ ಮುಂದೆ ಹೂದಾನಿ, ಕಪ್ಪು, ಪದಕ ಇತ್ಯಾದಿ ಅಲಂಕಾರಗಳನ್ನು ಇಡುವುದು ಮಾತನಾಡುವವನ ಬಾಯಿಗೆ ಕೈ ಅಡ್ಡ ಹಿಡಿದಂತೆ. ಹಿಂದಿನ ಎರಡು ಸ್ಪೀಕರ್‌ಗಳು ಕುಳಿತವರ ಇಕ್ಕೆಲದಲ್ಲಿ, ತುಸು ಹಿಂದಕ್ಕೆ, ಕಿವಿಗಿಂತ ತುಸು ಎತ್ತರದಲ್ಲಿರುವುದು ಉಚಿತ.

ಆರನೆಯದಾದ ಸಬ್‌ವೂಫರ್‌ಗೆ ಈ ಕಟ್ಟುಪಾಡಿಲ್ಲ. ಹೆಗ್ಗಡದೇವನಕೋಟೆಯ ಕಾಡು ಇದಕ್ಕೆ ಒಳ್ಳೆಯ ನಿದರ್ಶನ ಕೊಡುತ್ತದೆ. ಅಲ್ಲಿನ ಕಾಕನಕೋಟೆ ಒಂದು ಕಾಲಕ್ಕೆ ಆನೆಗಳ ಖೆಡ್ಡಾಕ್ಕೆ ಹೆಸರಾಗಿತ್ತು. ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಆನೆಗಳು ಮನುಷ್ಯನ ಕಿವಿಗೆ ನಿಲುಕದಷ್ಟು ಮಂದ್ರವಾದ ದನಿಯಲ್ಲಿ ಒಂದನ್ನೊಂದು ಕರೆಯುತ್ತವೆ ಎಂಬುದನ್ನು ಕೇಟಿ ಪೇನ್ ಎಂಬ ಸಂಶೋಧಕಿ 1984ರಲ್ಲಿ ಅಮೆರಿಕದ ಮೃಗಾಲಯವೊಂದರ ಏಷ್ಯಾದ ಆನೆಗಳಲ್ಲಿ ಕಂಡುಕೊಂಡರು. ಇಂಥ ಮಂದ್ರ ದನಿ ಮರಗಿಡಗಳನ್ನು ಬಳಸಿಕೊಂಡು ಕಿಲೋಮೀಟರುಗಟ್ಟಲೆ ಸಾಗಬಲ್ಲುದು. ಕಾರಣ ಅದರ ತರಂಗದ ಉದ್ದ. ಸೆಕೆಂಡಿಗೆ 50 ಬಾರಿ ಕಂಪಿಸುವ ಸ್ವರದ ಒಂದೊಂದು ತರಂಗವೂ ಸುಮಾರು 7 ಮೀಟರ್ ಉದ್ದವಿರುತ್ತದೆ. ಅದರ ಮುಂದೆ ಎರಡು ಕಿವಿಗಳ ನಡುವಣ ಗೇಣುದ್ದ ಯಾವ ಲೆಕ್ಕ? ಹಾಗಾಗಿ ಮಂದ್ರ ಸ್ವರ ಯಾವ ಮೂಲೆಯಿಂದ ಬಂತೆಂದು ಸುಲಭವಾಗಿ ತಿಳಿಯದು. ಸಬ್‌ವೂಫರನ್ನು ಎಲ್ಲಿಟ್ಟರೂ ನಡೆದೀತು. ಆದರೆ ಗೋಡೆಯ ಮೂಲೆಗೆ ಒತ್ತಿಟ್ಟರೆ ಗುಡುಗಿನಂಥ ಗುಂಯ್‌ಗುಡುವಿಕೆ ಹೆಚ್ಚುತ್ತದೆ. ಬಲ್ಲವರು ಒಂದು ಉಪಾಯ ಮಾಡುತ್ತಾರೆ. ಸಬ್‌ವೂಫರನ್ನು ತಾವು ಕೂರುವ ಜಾಗದಲ್ಲಿಟ್ಟು ಹಾಡು ಹಾಕಿ, ಗೋಡೆಯ ಬದಿಯಲ್ಲಿ ಬಗ್ಗಿ ನಡೆಯುತ್ತ ಆಲಿಸುತ್ತಾರೆ. ಸ್ವರ ಎಲ್ಲಿ ಹದವಾಗಿ ಕೇಳುವುದೋ ಅಲ್ಲಿ ಅದನ್ನು ಸ್ಥಾಪಿಸುತ್ತಾರೆ. ನೋಡುವವರಿಗೆ ನಗು ಬಂದರೂ ಉಪಾಯ ಫಲಿಸುತ್ತದೆ.

ಇನ್ನು ಗೋಡೆಗಳ ಮಾತು. ನಡುವೆ ಬಯಲಿಗೆ ತೆರೆದ ಹಳೆಯ ತೊಟ್ಟಿಮನೆಯಲ್ಲಿ ಸದ್ದಿನ ಬಹುಭಾಗ ಆಕಾಶಕ್ಕೆ ಹೋಗುತ್ತಿತ್ತು. ಇಂದಿನ ತಾರಸಿ ಮನೆಯ ನುಣುಪು ಗೋಡೆ, ಟೈಲ್ಸ್ ನೆಲ, ಕಾಂಕ್ರೀಟ್ ಛಾವಣಿ ಸದ್ದನ್ನು ಹೀರದೆ ಹಿಂದಕ್ಕೆಸೆಯುತ್ತವೆ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಸಾಕು. ಸದ್ದು ಝಣಝಣಿಸಿದರೆ ಅಲ್ಲಿ ಮಾತಿನ ಅಕ್ಷರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ ಎಂದರ್ಥ. ನೆಲಕ್ಕೊಂದು ಜಮಖಾನ, ಕಿಟಕಿಗೆ ದಪ್ಪ ಪರದೆ, ಎದುರು ಗೋಡೆಗೆ ಪುಸ್ತಕದ ಬೀರು ಇವಿಷ್ಟರಿಂದಲೇ ಎಷ್ಟೋ ಸುಧಾರಿಸುತ್ತದೆ. ಜಮಖಾನದ ಬೆಲೆ ಹೊಸ ಆಂಪ್ಲಿಫೈಯರಿನ ಬೆಲೆಯ ಒಂದಂಶವೂ ಅಲ್ಲ.

ಎಲ್ಲವನ್ನೂ ಸರಿಯಾಗಿಟ್ಟ ಮೇಲೂ ದೋಷ ಕಂಡರೆ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು ಕ್ರಮ. ಎಡ ಸ್ಪೀಕರ್ ಮೂಕವಾಗಿದೆ ಎನ್ನೋಣ. ವಿದ್ಯುತ್ತನ್ನು ಆರಿಸಿ, ಆಂಪ್ಲಿಫೈಯರಿನಲ್ಲಿ ಎಡಬಲದ ತಂತಿಗಳನ್ನು ಅದಲುಬದಲು ಮಾಡಬೇಕು. ಮೌನವು ಬಲಕ್ಕೆ ಸರಿದರೆ ದೋಷ ಆಂಪ್ಲಿಫೈಯರಿನಲ್ಲೋ ಅದರ ಹಿಂದೆಯೋ ಇದೆ. ಎಡದಲ್ಲೇ ಉಳಿದರೆ ತಂತಿಯಲ್ಲೋ ಸ್ಪೀಕರಿನಲ್ಲೋ ಇದೆ. ತಂತಿಯ ಬಿಡಿ ಎಳೆಯೊಂದು ಪಕ್ಕದ ತುದಿಗೆ ತಾಗಿದರೂ ಆಂಪ್ಲಿಫೈಯರ್ ಸುಟ್ಟೀತು. ಆದಕಾರಣ ಎಳೆಗಳನ್ನು ಹೊಸೆದೇ ಸಿಕ್ಕಿಸಬೇಕು. ಒಂದು ಸ್ಪೀಕರಿನಲ್ಲಿ ಧನ ಋಣ ತುದಿಗಳು ತಿರುವುಮುರುವಾದರೆ ಸದ್ದು ನಿಲ್ಲುವುದಿಲ್ಲ, ಆದರೆ ಕೃಶವಾಗುತ್ತದೆ. ಒಂದು ಸ್ಪೀಕರ್ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಸೆಳೆಯುವುದರಿಂದ ಮಂದ್ರ ಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಒಂದೇ ಸಮನೆ ‘ಹಂ’ ಎಂಬ ಗುನುಗು ಕೇಳಿದರೆ ಟಿ.ವಿ.ಯನ್ನೂ ಆಂಪ್ಲಿಫೈಯರನ್ನೂ ಒಂದೇ ಪ್ಲಗ್ ಹಲಗೆಗೆ ಸೇರಿಸಿ ನೋಡಬೇಕು. ಗುನುಗು ನಿಲ್ಲಲೆಂದು ಭೂಸಂಪರ್ಕದ ಪಿನ್ನನ್ನು ಕೀಳುವವರಿದ್ದಾರೆ. ಅದು ಪ್ರಾಣಾಪಾಯದ ಕೆಲಸ.

ಹಿಂದಿನ ಸ್ಪೀಕರ್‌ಗಳು ಸುಮ್ಮನಿದ್ದರೆ ಗಾಬರಿ ಬೇಡ. ಟಿ.ವಿ.ಯ ಎಷ್ಟೋ ಕಾರ್ಯಕ್ರಮಗಳಲ್ಲಿ ಎರಡೇ ದಾರಿಯ ಧ್ವನಿ ಇರುತ್ತದೆ. ಇಲ್ಲದ ಧ್ವನಿಯನ್ನು ಸ್ಪೀಕರ್ ಎಲ್ಲಿಂದ ತಂದೀತು? ಆರು ದಾರಿಯ ಚಿತ್ರ ಹಾಕಿದಾಗಲೂ ಮೌನವಾದರೆ, ಟಿ.ವಿ.ಯ ಧ್ವನಿ ಆಯ್ಕೆಯಲ್ಲಿ ‘ಪಿ.ಸಿ.ಎಂ.’ ಎಂದಿರುವುದನ್ನು ‘ಬಿಟ್‌ಸ್ಟ್ರೀಮ್’ ಎಂದು ಬದಲಿಸಿ ನೋಡಬಹುದು.

ಕೊನೆಗೆ ಉಳಿಯುವುದು ಧ್ವನಿಮಟ್ಟದ ಹೊಂದಾಣಿಕೆ. ಇದನ್ನು ಮನೆಯ ಹುಡುಗರು ತಮ್ಮ ಕಿವಿಯ ಅಳತೆಗೆ ಮಾಡಿಬಿಡುವುದೇ ಹೆಚ್ಚು. ವಯಸ್ಸಾದಂತೆ ಕಿವಿಗೆ ತಾರ ಸ್ವರಗಳು ಮೊದಲು ಮಸುಕಾಗುತ್ತವೆ; ಮಾತಿನ ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಆ ಸ್ವರಗಳಲ್ಲೇ. ಆದುದರಿಂದ ಅಜ್ಜಿಯನ್ನು ಅವರ ಜಾಗದಲ್ಲಿ ಕೂರಿಸಿ, ಮಾತು ಹೆಚ್ಚಿರುವ ಒಂದು ದೃಶ್ಯ ಹಾಕಿ, ನಡುವಿನ ಸ್ಪೀಕರಿನ ಮಟ್ಟವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಸಬ್‌ವೂಫರಿನದನ್ನು ತಗ್ಗಿಸುತ್ತ ಬರಬೇಕು. ನಟ ಹೇಳಿದ್ದನ್ನು ಅವರು ತಪ್ಪಿಲ್ಲದೆ ತಿರುಗಿ ಹೇಳಿದ ಕಡೆ ಗುಂಡಿಯಿಂದ ಕೈ ತೆಗೆಯಬಹುದು.